ಸೋದರಮಾವನ ಹೆಸರು ಬಿಟ್ಟುಹೋಗಿದೆ

ಲಗ್ನಪತ್ರಿಕೆಯ ಒಕ್ಕಣೆ ಬರೆಯಲು ಕೂತವರು ಮೊದಲು ಒಂದು ಸಂಗತಿ ಮನದಟ್ಟು ಮಾಡಿಕೊಳ್ಳಬೇಕು. ಅದನ್ನು ಮದುವೆಗೆ ಬರುವವರಿಗಾಗಿ ಬರೆಯುವ ವಾಡಿಕೆ ನಮ್ಮಲ್ಲಿಲ್ಲ. ಮುನಿಸಿಕೊಳ್ಳುವವರಿಗಾಗಿ ಬರೆಯುತ್ತೇವೆ. ಬರುವವನಿಗೆ ಬೇಕಾದದ್ದು ಯಾವತ್ತು, ಯಾವ ಛತ್ರ, ಊಟ ಎಷ್ಟು ಹೊತ್ತಿಗೆ, ಅಷ್ಟೇ. ಅಂಚೆ ಕಾರ್ಡಿನ ಅರ್ಧ ಸಾಕು. ಆದರೆ ಬೆಂಗಳೂರಿನ ಸುಲ್ತಾನ್‌ಪೇಟೆಯ ಕಾರ್ಡಿನಂಗಡಿಗಳಲ್ಲಿ ಒಂದು ಸಂಜೆ ನಿಂತು ನೋಡಿ. ಮೂರು ಮಡಿಕೆ, ರೇಷ್ಮೆ ದಾರ, ಚಿನ್ನದ ಬಣ್ಣದ ನವಿಲು, ಒಳಗೊಂದು ಚೀಟಿ, ಚೀಟಿಯೊಳಗೆ ಇನ್ನೊಂದು. ಇಷ್ಟೆಲ್ಲ ಜಾಗ ಛತ್ರದ ವಿಳಾಸಕ್ಕೆ ಅಂದುಕೊಂಡಿರಾ? ವಿಳಾಸ ಕೊನೆಯ ಮೂಲೆಯಲ್ಲಿ, ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿರುತ್ತದೆ. ಜಾಗವೆಲ್ಲ ದೊಡ್ಡಪ್ಪನದು.

ಮೇಲಿನಿಂದಲೇ ಶುರು ಮಾಡೋಣ. ನೆತ್ತಿಯ ಮೇಲೆ ದೇವರು. ಗಣಪತಿಯ ಬಗ್ಗೆ ತಕರಾರಿಲ್ಲ, ಅವನು ಎರಡೂ ಕಡೆಯವನು. ತಕರಾರು ಹುಟ್ಟುವುದು ಮನೆದೇವರ ಹತ್ತಿರ. ಗಂಡಿನ ಕಡೆಯ ವೆಂಕಟರಮಣ ಎಡಕ್ಕಿರಬೇಕೋ, ಹೆಣ್ಣಿನ ಕಡೆಯ ನಂಜುಂಡೇಶ್ವರ ಎಡಕ್ಕಿರಬೇಕೋ ಎಂಬುದನ್ನು ಎರಡು ಮನೆಯ ಹಿರಿಯರು ಫೋನಿನಲ್ಲೇ ಇತ್ಯರ್ಥ ಮಾಡುತ್ತಾರೆ. ದೇವರನ್ನು ಕೇಳುವ ಪದ್ಧತಿಯಿಲ್ಲ. ‘ಜಾತಿಗೀತಿ ನಾವು ನೋಡಲ್ಲಪ್ಪ’ ಎನ್ನುವ ಮನೆಯ ಕಾರ್ಡಿನಲ್ಲೂ ಮೊದಲ ಅಂಗುಲ ಓದಿದವನಿಗೆ ಮಿಕ್ಕದ್ದೆಲ್ಲ ತಿಳಿದುಹೋಗುತ್ತದೆ. ವೀರಭದ್ರನೋ, ರಾಯರೋ, ಮಂಟೇಸ್ವಾಮಿಯೋ, ಹೆಸರೊಂದು ಕಂಡರಾಯಿತು. ಬಾಯಿಬಿಟ್ಟು ಕೇಳಿ ಸಣ್ಣವನಾಗುವ ಕಷ್ಟವಿಲ್ಲ.

ದೇವರ ಕೆಳಗೆ ಶಾಲಿವಾಹನ ಶಕ. ಬಾಡಿಗೆ ಕರಾರಿನಲ್ಲಿ, ಬ್ಯಾಂಕಿನ ಚೆಕ್ಕಿನಲ್ಲಿ, ಮಕ್ಕಳ ಅಂಕಪಟ್ಟಿಯಲ್ಲಿ ಎಲ್ಲೂ ನೆನಪಾಗದ ಶಾಲಿವಾಹನ ಇಲ್ಲಿ ಮಾತ್ರ ಎದ್ದು ಬರುತ್ತಾನೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ನಕ್ಷತ್ರ, ಇಷ್ಟೂ ದಾಟಿದ ಮೇಲೆ ತಾರೀಖು. ಈ ಸಾಲನ್ನು ಯಾರೂ ಓದುವುದಿಲ್ಲ ಎಂಬುದಕ್ಕೆ ಪುರಾವೆ ಇದೆ. 2024ರ ಯುಗಾದಿಗೆ ಬಂದದ್ದು ಕ್ರೋಧಿ ಸಂವತ್ಸರ, 2026ರ ಯುಗಾದಿಯದು ಪರಾಭವ. ಕ್ರೋಧಿಯಲ್ಲಿ ತಾಳಿ ಕಟ್ಟಿಸುತ್ತೇವೆ, ಪರಾಭವದಲ್ಲಿ ಧಾರೆ ಎರೆದು ಕೊಡುತ್ತೇವೆ ಎಂದು ಸಾವಿರಾರು ತಂದೆತಾಯಿ ಕೈಯಾರೆ ಅಚ್ಚು ಹಾಕಿಸಿದರು. ರಾಹುಕಾಲದಲ್ಲಿ ಆಟೋ ಹತ್ತದವರೂ ತುಟಿ ಪಿಟಕ್ಕೆನ್ನಲಿಲ್ಲ.

ಮುಹೂರ್ತ ಮಾತ್ರ ನಿಮಿಷದ ಲೆಕ್ಕ. ಬೆಳಿಗ್ಗೆ 10.40ರಿಂದ 11.25ರವರೆಗೆ ಸಲ್ಲುವ ಶುಭ ಲಗ್ನ. ರೈಲ್ವೆ ಇಲಾಖೆಗೂ ಇಲ್ಲದ ಈ ಖಚಿತತೆ ಅದೇ ಕಾರ್ಡಿನ ಬಲಗಡೆಗೆ ಬರುವಷ್ಟರಲ್ಲಿ ಕರಗಿರುತ್ತದೆ. ಆರತಕ್ಷತೆ ಸಂಜೆ 6.30ರಿಂದ, ಎಂದಿದೆ. ಆರೂವರೆಗೆ ಹೋದವನಿಗೆ ಸಿಗುವುದು ಖಾಲಿ ಕುರ್ಚಿ, ‘ಮೈಕ್ ಚೆಕ್’ ಎನ್ನುವ ವಾದ್ಯಗೋಷ್ಠಿಯ ಹುಡುಗ. ಮದುಮಗಳು ಎಂಟೂಕಾಲಿಗೆ ಪಾರ್ಲರಿನಿಂದ ಹೊರಟಿರುತ್ತಾಳೆ.

ಇನ್ನು ವಧೂವರರ ಹೆಸರು. ಚಿ|| ರಾ||, ಚಿ|| ಸೌ||, ಉತ್ತರ ಕರ್ನಾಟಕವಾದರೆ ಚಿ. ಕುಂ. ಸೌ. ಹೆಸರಿನ ಮುಂದೆ ಕಂಸ, ಕಂಸದೊಳಗೆ ಬಿ.ಇ., ಎಂ.ಬಿ.ಎ., ಮತ್ತು ಕೆಲಸ ಮಾಡುವ ಕಂಪನಿ. ಗಂಡಿಗೆ ಬಿ.ಕಾಂ., ಹೆಣ್ಣಿಗೆ ಎಂ.ಟೆಕ್. ಆಗಿದ್ದರೆ ಕಂಸಗಳೆರಡೂ ಸದ್ದಿಲ್ಲದೆ ಮಾಯವಾಗುತ್ತವೆ. ಸರಳತೆ ಎಂಬ ಮೌಲ್ಯ ಆ ಮನೆಗೆ ಕಾಲಿಡುವುದು ಆಗಲೇ. ನಕ್ಷತ್ರದ ಪಾದದವರೆಗೆ ಮಾಹಿತಿ ಕೊಡುವ ಈ ಕಾಗದದಲ್ಲಿ ವಯಸ್ಸು ಮಾತ್ರ ಇರುವುದಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಲ್ಲೇ ಬಂದಿದೆ, ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. ವಯಸ್ಸಿನ ದಾಖಲೆ ನೋಡದೆ ಅಚ್ಚು ಹಾಕಬೇಡಿ ಎಂದು ಮುದ್ರಕರಿಗೆ ಅಧಿಕಾರಿಗಳು ಆಗಾಗ ಎಚ್ಚರಿಕೆ ಕೊಡುವುದೂ ಉಂಟು. ಪಂಚಾಂಗದ ಐದು ಅಂಗಗಳಲ್ಲಿ ಹುಡುಗಿಯ ವಯಸ್ಸು ಸೇರಿಲ್ಲವಲ್ಲ, ಏನು ಮಾಡುವುದು.

ಕಾರ್ಡಿನ ಅತಿ ದೊಡ್ಡ ಸುಳ್ಳು ಇದರ ಪಕ್ಕದಲ್ಲೇ ಇದೆ: ‘ಗುರುಹಿರಿಯರು ನಿಶ್ಚಯಿಸಿದಂತೆ’. ಹುಡುಗ ಹುಡುಗಿ ಒಂದೇ ಟೆಕ್ ಪಾರ್ಕಿನ ಕ್ಯಾಂಟೀನಿನಲ್ಲಿ ಪರಿಚಯವಾಗಿ, ನಾಲ್ಕು ವರ್ಷ ಓಡಾಡಿ, ಒಂದು ಸಲ ಬಿಟ್ಟು ಮತ್ತೆ ಸೇರಿ, ಮನೆಯಲ್ಲಿ ಹೇಳಿದಾಗ ಗುರುಹಿರಿಯರು ಅನ್ನ ನೀರು ಬಿಟ್ಟಿದ್ದರು. ಅಪ್ಪ ‘ನನ್ನ ಹೆಣದ ಮೇಲೆ’ ಎಂದಿದ್ದರು. ಅತ್ತೆ ಮಠಕ್ಕೆ ಹರಕೆ ಹೊತ್ತಿದ್ದು ಈ ಸಂಬಂಧ ತಪ್ಪಲಿ ಎಂದು. ಆಮೇಲೆ ಹುಡುಗನಿಗೆ ಅಮೆರಿಕದ ವೀಸಾ ಬಂತು, ಗುರುಹಿರಿಯರು ಒಂದೇ ವಾರದಲ್ಲಿ ನಿಶ್ಚಯಿಸಿದರು. ಅಕ್ಷರಶಃ ನೋಡಿದರೆ ಕಾರ್ಡು ಸುಳ್ಳು ಹೇಳುತ್ತಿಲ್ಲ ಎಂದು ವಾದಿಸುವವರಿದ್ದಾರೆ. ವಕೀಲರ ಮನೆಯ ಮದುವೆಗಳಲ್ಲಿ ಈ ವಾದ ಕೇಳಿದ್ದೇನೆ.

ನಗು ಇಲ್ಲಿಗೆ ಸ್ವಲ್ಪ ನಿಲ್ಲಲಿ. ಕರೆಯುವವರ ಹೆಸರಿನ ಜಾಗಕ್ಕೆ ಬಂದಿದ್ದೇವೆ. ‘ಶ್ರೀಮತಿ ಮತ್ತು ಶ್ರೀ ರಾಮಚಂದ್ರಪ್ಪ’ ಎಂದು ಎಷ್ಟೋ ಕಾರ್ಡುಗಳಲ್ಲಿ ಇರುತ್ತದೆ. ಅದರಲ್ಲಿ ರಾಮಚಂದ್ರಪ್ಪನವರು ಸಿಗುತ್ತಾರೆ, ಶ್ರೀಮತಿ ಎಂಬ ಮರ್ಯಾದೆಯೂ ಸಿಗುತ್ತದೆ, ಹೆಂಗಸು ಸಿಗುವುದಿಲ್ಲ. ಹಾಗಾದರೂ ಅವಳು ಒಳಗಿದ್ದಾಳೆ. ಗಂಡ ತೀರಿಕೊಂಡಿದ್ದರೆ ಅದೂ ಇಲ್ಲ. ಹದಿನೈದು ವರ್ಷ ಹೊಲಿಗೆ ಮಷಿನ್ ತುಳಿದು ಮಗಳನ್ನು ಎಂ.ಎಸ್ಸಿ. ಓದಿಸಿದ ತಾಯಿ ಇರುತ್ತಾಳೆ. ಕಾರ್ಡಿನ ಮೇಲ್ಗಡೆ ‘ದಿ||’ ಎಂಬ ಎರಡು ಗೀಟಿನ ಜತೆ ಗಂಡನ ಹೆಸರು ಬರುತ್ತದೆ, ಮಗಳು ಅವನ ಪುತ್ರಿ. ಕರೆಯುವವರು ಚಿಕ್ಕಪ್ಪ, ಚಿಕ್ಕಮ್ಮ. ಮಗುವಿನ ಫೀಸಿಗೆ ಐದು ಸಾವಿರ ಕೇಳಿದ್ದಾಗ ಊರಲ್ಲೇ ಇಲ್ಲವೆಂದು ಹೇಳಿಸಿದ ಅದೇ ಚಿಕ್ಕಪ್ಪ. ತಾಯಿಯ ಹೆಸರು ಹಾಕೋಣ ಎಂದರೆ ‘ಶುಭಕಾರ್ಯ ನೋಡು, ಸುಮ್ಮನಿರು’ ಎಂದು ಯಾರೋ ಮೆಲ್ಲಗೆ ಹೇಳುತ್ತಾರೆ. ಸತ್ತವನ ಹೆಸರು ಶುಭ, ಬದುಕಿ ಸಾಕಿದವಳ ಹೆಸರು ಅಶುಭ. ಇದನ್ನು ಬರೆಸಿದವರು ಅನಕ್ಷರಸ್ಥರಲ್ಲ. ಕಂಸದಲ್ಲಿ ಅವರ ಪದವಿಗಳೂ ಇವೆ.

ಒಕ್ಕಣೆಯ ನಿಜವಾದ ರಣರಂಗ ಮಾತ್ರ ಕೆಳಗಡೆ, ‘ತಮ್ಮ ಆಗಮನಾಭಿಲಾಷಿಗಳು’ ಎಂಬಲ್ಲಿ. ಅಜ್ಜಿ ತಾತ, ದೊಡ್ಡಪ್ಪಂದಿರು, ಅಕ್ಕ ಭಾವಂದಿರು, ಸೋದರಮಾವಂದಿರು. ಸೋದರಮಾವ ಅಂದರೆ ಹಸೆಮಣೆಗೆ ಹುಡುಗಿಯನ್ನು ಕರೆತರುವವನು. ಅವನ ಹೆಸರು ಬಿಟ್ಟರೆ ಹುಡುಗಿ ಕೋಣೆಯಲ್ಲೇ ಉಳಿದಾಳು. ಕರಡು ಮನೆಗೆ ಬಂದ ರಾತ್ರಿಯೇ ಫೋನು ಶುರು.

‘ಏನೋ, ನಿಮ್ ಭಾವನ ಹೆಸರು ಕೊನೇಲಿ ಹಾಕ್ಸಿದೀಯಂತೆ?’

‘ಅಕಾರಾದಿ ಕಣಕ್ಕಾ. ಯಾರಿಗೂ ಬೇಜಾರಾಗ್ಬಾರ್ದು ಅಂತ.’

‘ಅಕಾರಾದಿನಾ? ನಿಮ್ ಭಾವ ನಾಗರಾಜ. ನಿನ್ ಹೆಂಡ್ತಿ ಅಣ್ಣ ವೆಂಕಟೇಶ ಹೆಂಗೋ ಮೇಲ್ ಬಂದ?’

ಉತ್ತರವಿಲ್ಲ. ಮಾರನೆಯ ದಿನ ನಾಗರಾಜ ಮೇಲೆ ಬರುತ್ತಾನೆ, ವೆಂಕಟೇಶ ಕೆಳಗಿಳಿಯುತ್ತಾನೆ, ಸಂಜೆಗೆ ಹೆಂಡತಿ ತವರಿಗೆ ಹೊರಡುವ ಮಾತಾಡುತ್ತಾಳೆ. ಕೊನೆಗೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಿ, ಅಕ್ಷರ ಸಣ್ಣ ಮಾಡಿ ಒಪ್ಪಂದ. ಇವರೆಲ್ಲರ ಕೆಳಗೆ ಬಣ್ಣದ ಅಕ್ಷರದಲ್ಲಿ ಪುಟಾಣಿಗಳ ಸಾಲು: ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’. ಆ ಪುಟಾಣಿಗಳಲ್ಲಿ ಒಬ್ಬ ಈಗ ಪಿಯುಸಿ ಎರಡನೇ ಸಲ ಕಟ್ಟಿದ್ದಾನೆ. ಹೆಸರು ಬಿಡುವಂತಿಲ್ಲ, ಅವರಮ್ಮ ಬಿಡುವುದಿಲ್ಲ.

ಇಷ್ಟು ಜಗಳವಾಡಿ ಬರೆಸಿದ ಒಕ್ಕಣೆ ಎಲ್ಲ ಮನೆಯದೂ ಒಂದೇ ಥರ ಇರುವುದೇಕೆ ಎಂದು ಕೇಳಬಹುದು. ಅಚ್ಚಿನ ಮನೆಯ ಹುಡುಗ ಕಂಪ್ಯೂಟರಿನಲ್ಲಿ ಹಿಂದಿನ ಗಿರಾಕಿಯ ಫೈಲು ತೆರೆದು ಹೆಸರಷ್ಟೇ ಬದಲಿಸುತ್ತಾನೆ. ಒಮ್ಮೊಮ್ಮೆ ಬದಲಿಸಲು ಮರೆಯುತ್ತಾನೆ. ಹಿಂದಿನ ಮದುವೆಯ ವಧು ಈ ಕಾರ್ಡಿನಲ್ಲೂ ವಧುವಾಗಿ ಉಳಿದರೆ, ಅದನ್ನು ಪತ್ತೆ ಮಾಡುವವರು ಕಾರ್ಡು ತಲುಪಿದ ಬೀಗರು. ಕರಡು ತಿದ್ದುವಾಗ ಎಲ್ಲರೂ ಹುಡುಕುತ್ತಿದ್ದದ್ದು ತಂತಮ್ಮ ಹೆಸರನ್ನು.

ಉಡುಗೊರೆಯ ಸಾಲಿಗೆ ಬರೋಣ. ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಎಂದು ಕಾರ್ಡು ಹೇಳುತ್ತದೆ. ಛತ್ರದಲ್ಲಿ ಮೇಜು ಹಾಕಿಕೊಂಡು ಮುಯ್ಯಿ ಬರೆಯುವ ಬಂಧು ಕಾರ್ಡು ಓದಿರುವುದಿಲ್ಲ. ಐನೂರೊಂದು ಕೊಟ್ಟವರ ಹೆಸರು ದಪ್ಪ ಪುಸ್ತಕ ಸೇರುತ್ತದೆ, ಮುಂದೆ ಅವರ ಮನೆಯ ಮದುವೆಗೆ ಹೋಗುವಾಗ ಆ ಪುಟ ತೆರೆಯುತ್ತದೆ. ಮದುರೆಯ ಕಡೆ 2021ರಲ್ಲಿ ಒಂದು ಮನೆಯವರು ಕಾರ್ಡಿನಲ್ಲೇ ಗೂಗಲ್ ಪೇ, ಫೋನ್ ಪೇ ಕ್ಯೂಆರ್ ಕೋಡು ಅಚ್ಚು ಹಾಕಿಸಿ ಸುದ್ದಿಯಾದರು. ಜನ ನಕ್ಕರು. ಮುಚ್ಚುಮರೆಯಿಲ್ಲದವರನ್ನು ಕಂಡರೆ ನಮಗೆ ನಗು. ನಮ್ಮ ದಕ್ಷಿಣ ಕನ್ನಡದಲ್ಲಿ 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಒಬ್ಬ ವರ, ಉಡುಗೊರೆಯಾಗಿ ತನ್ನ ಮೆಚ್ಚಿನ ನಾಯಕನಿಗೆ ಮತ ಹಾಕಿ ಎಂದು ಕಾರ್ಡಿನಲ್ಲಿ ಕೇಳಿದ. ನೀತಿಸಂಹಿತೆ ಜಾರಿಯಲ್ಲಿತ್ತು, ಪೊಲೀಸರು ಪ್ರಕರಣ ದಾಖಲಿಸಿದರು. ಕಾರ್ಡನ್ನು ಕೊನೆಯ ಸಾಲಿನವರೆಗೆ ಓದಿದವರೆಂದು ನನಗೆ ತಿಳಿದಿರುವುದು ಚುನಾವಣಾಧಿಕಾರಿಗಳೊಬ್ಬರೇ.

ದುಡ್ಡಿದ್ದವರಿಗೆ ಒಕ್ಕಣೆಯ ತಲೆನೋವೇ ಇಲ್ಲ. ಜನಾರ್ದನ ರೆಡ್ಡಿಯವರು 2016ರಲ್ಲಿ ಮಗಳ ಮದುವೆಗೆ ಹಂಚಿದ್ದು ಕಾರ್ಡಲ್ಲ, ಪೆಟ್ಟಿಗೆ. ಮುಚ್ಚಳ ತೆರೆದರೆ ಪುಟ್ಟ ಪರದೆ ಬೆಳಗಿ ಮನೆಮಂದಿಯೆಲ್ಲ ಹಾಡಿನಲ್ಲೇ ಕರೆಯುತ್ತಿದ್ದರು. ಅರಮನೆ ಮೈದಾನದಲ್ಲಿ ಆ ಮದುವೆ ನಡೆದದ್ದು ನವೆಂಬರ್ 16ರಂದು, 500 ಮತ್ತು 1000 ರೂಪಾಯಿ ನೋಟು ರದ್ದಾದ ಎಂಟನೇ ದಿನ. ಕರೆಯೋಲೆ ಸಿಗದವರು ಅವತ್ತು ಬ್ಯಾಂಕಿನ ಮುಂದೆ ಸರತಿಯಲ್ಲಿದ್ದರು.

ಇದೆಲ್ಲ ಬೇಡವೆಂದೇ ಕುವೆಂಪು ಮಂತ್ರಮಾಂಗಲ್ಯ ರೂಪಿಸಿ, ಮಗ ತೇಜಸ್ವಿಯ ಮದುವೆಯನ್ನೇ ಆ ರೀತಿ ನಡೆಸಿ ತೋರಿಸಿದ್ದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಈಗ ಆ ಪದವೂ ಕಾರ್ಡಿನಂಗಡಿಗೆ ಬಂದಿದೆ. ಎಡಪುಟದಲ್ಲಿ ‘ಮಂತ್ರಮಾಂಗಲ್ಯ, ಸರಳ ವಿವಾಹ’, ಬಲಪುಟದಲ್ಲಿ ‘ಹಲ್ದಿ, ಮೆಹಂದಿ, ಸಂಗೀತ್’, ಯಾವುದಕ್ಕೆ ಯಾವ ಬಣ್ಣದ ಬಟ್ಟೆ ಎಂಬ ಸೂಚನೆ. ಅರಿಶಿಣ ಶಾಸ್ತ್ರಕ್ಕೆ ಅತ್ತಿಗೆ ನಾದಿನಿಯರು ಹಳೇ ಸೀರೆ ಉಟ್ಟು ಬರುತ್ತಿದ್ದರು. ಹಲ್ದಿಗೆ ಹೊಸದು ಕೊಳ್ಳಬೇಕು. ಈ ಕಾರ್ಡು ವಾಟ್ಸಾಪಿನಲ್ಲಿ ಬರುತ್ತದೆ, ಕೆಳಗೆ ಒಂದು ಸಾಲಿನ ಜತೆ: ‘ಇದನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸಿ’. ಇನ್ನೂರ ಐವತ್ತಾರು ಜನರ ಗುಂಪಿನಲ್ಲಿ ಅದನ್ನು ಓದಿದಾಗ ಎಷ್ಟು ವೈಯಕ್ತಿಕ ಅನ್ನಿಸುತ್ತದೆಂದು ಹೇಳಲಾರೆ.

ಹಳೇ ಮೈಸೂರಿನ ಕಡೆ ಇದರ ನಡುವೆ ಒಂದು ಪ್ರಾಮಾಣಿಕ ಕಾರ್ಡು ಉಳಿದಿದೆ: ಬೀಗರ ಔತಣದ್ದು. ಮದುವೆಯಾದ ಮೇಲೆ ಮಂಡ್ಯ, ಮೈಸೂರು, ಹಾಸನದ ಕಡೆ ಹಾಕಿಸುವ ಬಾಡೂಟಕ್ಕೆ ಸಣ್ಣದೊಂದು ಚೀಟಿ. ಅದರಲ್ಲಿ ಶಾಲಿವಾಹನನಿಲ್ಲ, ಕಂಸವಿಲ್ಲ, ಗುರುಹಿರಿಯರ ನಿಶ್ಚಯವಿಲ್ಲ. ತಾರೀಖು, ಜಾಗ, ಮಧ್ಯಾಹ್ನ 12.30ರಿಂದ. ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ ಎಂದು ಅದಕ್ಕಾಗಿ ಜಗಳವಾಡಿದವರನ್ನು ನಾನು ಕಂಡಿಲ್ಲ. ಧಾರೆಗೆ ಬಾರದ ನಾಗರಾಜ, ವೆಂಕಟೇಶ ಇಬ್ಬರೂ ಹನ್ನೆರಡಕ್ಕೇ ಬಂದು ಅಕ್ಕಪಕ್ಕ ಕೂತಿರುತ್ತಾರೆ.

ಹಾಗಾಗಿ ನಿಮ್ಮ ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ, ಕರಡು ಇನ್ನೂ ಅಚ್ಚಿನ ಮನೆಯಲ್ಲೇ ಇದ್ದರೆ, ಈಗಲೇ ಫೋನು ಮಾಡಿ. ತಾಯಿಯ ಹೆಸರು ಮೊದಲ ಸಾಲಿಗೆ ಬರಲಿ. ಛತ್ರದ ವಿಳಾಸ ದೊಡ್ಡ ಅಕ್ಷರದಲ್ಲಿರಲಿ. ಮತ್ತೆ, ಊಟ ಎಷ್ಟು ಹೊತ್ತಿಗೆ ಎಂದು ದಯವಿಟ್ಟು ಒಂದು ಸಾಲು ಹಾಕಿಸಿ.