ದಾಕ್ಷಿಣ್ಯಮೀಮಾಂಸೆ

ಎದುರಿಗಿರುವವರ ಮನಸ್ಸು ನೋಯಬಾರದೆಂದು, 'ಆಗುವುದಿಲ್ಲ' ಎನ್ನಬೇಕಾದ ಕಡೆ 'ಅದಕ್ಕೇನಂತೆ' ಎನ್ನುವುದೇ ದಾಕ್ಷಿಣ್ಯದ ಲಕ್ಷಣವೆಂಬುದು ಲೋಕರೂಢಿ. ಆದರೆ ಚುನಾವಣೆಗೆ ನಿಂತ ಅಭ್ಯರ್ಥಿಯೂ ಕೇಳಿದ್ದಕ್ಕೆಲ್ಲ 'ಅದಕ್ಕೇನಂತೆ' ಎನ್ನುವುದರಿಂದ ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ, ಅಂದರೆ ಸೇರಬಾರದವರನ್ನೂ ಒಳಗೆ ಸೇರಿಸಿಕೊಳ್ಳುವ ದೋಷ, ತಗಲುತ್ತದೆ. ಅದರ ನಿವಾರಣೆಗಾಗಿ 'ಕೊಟ್ಟ ಮಾತನ್ನು ನಡೆಸಿಯೂ ಕೊಟ್ಟು, ಅನಂತರ ಮನೆಯವರಿಂದ ಬೈಸಿಕೊಳ್ಳುವುದು' ಎಂಬ ವಿಶೇಷಣವನ್ನು ಸೇರಿಸಬೇಕಾಗುತ್ತದೆ. ಬೈಸಿಕೊಳ್ಳದವನು ಬರೀ ಉದಾರಿ, ಅವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ.

ಈ ಗುಣದ ಮೂಲ ಅಷ್ಟೇನೂ ಸಾತ್ತ್ವಿಕವಲ್ಲ. ಹತ್ತನೆಯ ಶತಮಾನದಲ್ಲಿ ಧನಂಜಯನು ರಚಿಸಿದ 'ದಶರೂಪಕ'ವೆಂಬ ನಾಟ್ಯಲಕ್ಷಣ ಗ್ರಂಥವು ಶೃಂಗಾರದ ನಾಯಕರನ್ನು ವಿಂಗಡಿಸುವಾಗ, ಹೊಸಬಳಿಗೆ ಮನಸೋತ ಮೇಲೂ ಮೊದಲಿನವಳೊಡನೆ ಆದರದಿಂದಲೇ ನಡೆದುಕೊಳ್ಳುವವನನ್ನು 'ದಕ್ಷಿಣ' ನಾಯಕನೆಂದು ಕರೆಯುತ್ತದೆ. ಹೀಗೆ ಅಂತಃಪುರದಲ್ಲಿ ಅರಸರ ಅನುಕೂಲಕ್ಕೆ ಒದಗಿದ್ದ ಗುಣವು ಇಂದು ಕಚೇರಿಯ ಗುಮಾಸ್ತನ ಹೆಗಲೇರಿದೆ. ಧನಂಜಯನಿಗೆ ಆಶ್ರಯವಿತ್ತ ಮಾಳವದ ಮುಂಜರಾಜನನ್ನು ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪನು ಸೆರೆಹಿಡಿದು ಕೊಲ್ಲಿಸಿದ್ದರಿಂದ, ಆ ಕಾಲಕ್ಕೆ ಈ ಗುಣ ಕನ್ನಡ ನಾಡಿಗೆ ಇನ್ನೂ ಬಂದಿರಲಿಲ್ಲವೆಂದು ನಿರ್ಧರಿಸಬಹುದು.

ಬಂದ ಮೇಲೆ ಅದು ಬೇರೂರಿದ್ದು ಮದುವೆಮನೆಯ ಪಂಕ್ತಿಯಲ್ಲಿ. ಅಲ್ಲಿ ಉಣ್ಣುವವನು ಮೂರು ಬಾರಿ 'ಸಾಕು' ಎನ್ನುತ್ತಾನೆ. ಮೊದಲನೆಯದಕ್ಕೆ 'ಬಡಿಸಿ' ಎಂದೂ ಎರಡನೆಯದಕ್ಕೆ 'ಇನ್ನೊಂದು ಸಲ ಒತ್ತಾಯ ಮಾಡಿ' ಎಂದೂ ಅರ್ಥ. ಮೂರನೆಯದು ನಿಜವಾದ 'ಸಾಕು'ವೇ ಆದರೂ, ಅಷ್ಟರಲ್ಲಿ ಎಲೆಗೆ ಹೋಳಿಗೆಯೂ ಹೋಳಿಗೆಗೆ ತುಪ್ಪವೂ ಬಿದ್ದಿರುವುದರಿಂದ ಅದಕ್ಕೆ ಐತಿಹಾಸಿಕ ಮಹತ್ವವಷ್ಟೇ ಉಳಿಯುತ್ತದೆ. ಎಲೆಗೆ ಅಡ್ಡ ಹಿಡಿದ ಕೈಬೆರಳುಗಳ ನಡುವಿನ ಸಂದನ್ನು ನೋಡಿಯೇ ಇಂಗಿತವನ್ನು ಅರಿಯುವ ನುರಿತ ಬಡಿಸುವವರೂ ಉಂಟು. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ 1978ರಲ್ಲಿ ಪ್ರಕಟಿಸಿದ ಸೌಜನ್ಯ ಸಿದ್ಧಾಂತದ ಪ್ರಕಾರ, ಒಬ್ಬರ ಮೇಲೆ ಒತ್ತಾಯ ಹೇರದೆ ಅವರನ್ನು ಅವರ ಪಾಡಿಗೆ ಬಿಡುವುದು ಮರ್ಯಾದೆಯ ಒಂದು ಮುಖ್ಯ ಬಗೆ. ಪಂಕ್ತಿಯಲ್ಲಿ ಹಾಗೆ ಬಿಟ್ಟರೆ, 'ಕರೆದರೇ ಹೊರತು ಬೇಕಾ ಅಂತ ಒಂದು ಮಾತು ಕೇಳಲಿಲ್ಲ' ಎಂಬ ದೂರು ಆ ಮನೆಯ ಮುಂದಿನ ಮದುವೆಯವರೆಗೂ ಬಾಳುತ್ತದೆ. ಇಂಗ್ಲಿಷ್, ತಮಿಳು ಮತ್ತು ಮೆಕ್ಸಿಕೋದ ತ್ಸೆಲ್ತಾಲ್ ಭಾಷೆಗಳನ್ನು ಮುಖ್ಯ ಆಧಾರವಾಗಿ ಇಟ್ಟುಕೊಂಡ ಈ ವಿದ್ವಾಂಸರು ತಮಿಳಿನವರೆಗೆ ಬಂದೂ ಪಕ್ಕದ ಕನ್ನಡವನ್ನು ವಿಚಾರಿಸದೆ ಹಿಂತಿರುಗಿದ್ದನ್ನು ಕನ್ನಡಿಗರು ಮನಸ್ಸಿಗೆ ಹಚ್ಚಿಕೊಳ್ಳದಿರುವುದು ಪ್ರಸ್ತುತ ಶಾಸ್ತ್ರಕ್ಕೆ ಬಲವಾದ ಪ್ರಮಾಣ.

ದಾಕ್ಷಿಣ್ಯದ ಸಾಮಾಜಿಕ ಮೌಲ್ಯವನ್ನು ರೂಪಾಯಿಗಳಲ್ಲಿ ಅಳೆಯಲು ಇರುವ ಏಕೈಕ ಸಾಧನವೆಂದರೆ ಜಾಮೀನು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದ್ದನ್ನು ಎಲ್ಲರೂ ನೆನೆಯುತ್ತಾರೆ. ಪರರ ಸಾಲಕ್ಕೆ ಸಹಿ ಹಾಕುವವರು ನಾಡಿನಲ್ಲಿ ಇಲ್ಲದಿದ್ದರೆ ಅಂಥ ಸಂಘಗಳ ಗತಿ ಏನಾಗುತ್ತಿತ್ತೆಂದು ಯಾರೂ ಯೋಚಿಸುವುದಿಲ್ಲ. ಕರಾರಿನಲ್ಲಿ ಬೇರೆ ರೀತಿ ಹೇಳದ ಹೊರತು ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಎಂದು 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮು ಹೇಳುತ್ತದೆ. 'ಸುಮ್ನೆ ಒಂದು ಸಹಿ ಸಾರ್, ನಾಮ್‌ಕಾವಾಸ್ತೆ' ಎಂದು ಸಾಲಗಾರನು ಹೇಳುತ್ತಾನೆ. ಕಿವಿಗೆ ಬಿದ್ದದ್ದು ಶ್ರುತಿ, ಬರೆದಿಟ್ಟದ್ದು ಸ್ಮೃತಿ. ಇವೆರಡಕ್ಕೂ ವಿರೋಧ ಬಂದಲ್ಲಿ ಶ್ರುತಿಯೇ ಹೆಚ್ಚೆಂಬ ಮೀಮಾಂಸಕರ ನಿಯಮಕ್ಕೆ ತಲೆಬಾಗಿ ದಾಕ್ಷಿಣ್ಯಪರನು ಪೆನ್ನು ತೆರೆಯುತ್ತಾನೆ.

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲವೆಂಬ ಗಾದೆಯನ್ನು ಇಲ್ಲಿ ಪೂರ್ವಪಕ್ಷವಾಗಿ, ಎಂದರೆ ಎದುರಾಳಿಯ ವಾದವಾಗಿ, ಒಡ್ಡುವುದುಂಟು. ಗಾದೆ ಆಕ್ಷೇಪಿಸುವುದು ಸ್ಥಳಾಭಾವವನ್ನೇ ಹೊರತು ದಾಕ್ಷಿಣ್ಯವನ್ನಲ್ಲವಾದ್ದರಿಂದ ಅದು ನಿಲ್ಲುವುದಿಲ್ಲ. ಸಿದ್ಧಾಂತವಾದರೋ ಸಹಿ ಪಡೆದವನ ಬಾಯಿಂದಲೇ ಹೊರಡುತ್ತದೆ: ಕಾಗದವನ್ನು ಮಡಚಿ ಜೇಬಿಗಿಡುತ್ತ ಅವನು 'ನಿಮ್ಮಂಥ ಒಳ್ಳೆಯವರು ಇರೋದಕ್ಕೇ ಮಳೆ ಬೆಳೆ ಆಗ್ತಿರೋದು' ಎನ್ನುತ್ತಾನೆ. ಈ ಮಾತನ್ನು ಒಪ್ಪಿದರೆ, ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯಲ್ಲಿ ಒಳ್ಳೆಯವರ ದಟ್ಟಣೆಯು 500ರ ಆಸುಪಾಸಿನಲ್ಲೇ ತೃಪ್ತಿಪಡುವ ಚಳ್ಳಕೆರೆಯ ಸೀಮೆಗಿಂತ ಹದಿನಾಲ್ಕು ಪಟ್ಟು ಹೆಚ್ಚಿರಲೇಬೇಕು. ಪಶ್ಚಿಮಘಟ್ಟಗಳು ಮೋಡಗಳನ್ನು ತಡೆಯುವುದೇ ಈ ವ್ಯತ್ಯಾಸಕ್ಕೆ ಕಾರಣವೆಂಬ ಭೂಗೋಳಜ್ಞರ ಮತವು ಇಲ್ಲಿ ಗ್ರಾಹ್ಯವಲ್ಲ, ಏಕೆಂದರೆ ಘಟ್ಟಗಳು ಇದುವರೆಗೆ ಯಾರ ಸಾಲಕ್ಕೂ ಜಾಮೀನು ನಿಂತ ದಾಖಲೆಯಿಲ್ಲ.