ಸೌಂಡ್ ಮಾಣಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಸೌಂಡ್ ಮಾಣಿ ಇಲ್ಲದ ಊರು ಸಿಗುವುದು ಕಷ್ಟ. ವಯಸ್ಸು ನಲವತ್ತು ದಾಟಿದರೂ ಅವನು ಮಾಣಿಯೇ. ಬದಲಾಗುವುದು ಕಾರು ಮಾತ್ರ. ಅವನು ಬರುವ ಮೊದಲು ಅವನ ಹಾಡು ಬರುತ್ತದೆ, ಹಾಡಿಗೂ ಮೊದಲು ಅದರ ಬೇಸು. ತೋಟದಾಚೆ ಗುಡುಗಿತೆಂದು ಅಂಗಳದಲ್ಲಿ ಅಡಿಕೆ ಹರವಿದವರು ತಾಡಪಾಲು ಹುಡುಕಿಕೊಂಡು ಓಡುತ್ತಾರೆ. ಮುಚ್ಚಿ ಮುಗಿಯುವ ಹೊತ್ತಿಗೆ ಕಾರು ಕಾಣಿಸುತ್ತದೆ. ರಾಶಿ ಅಡಿಕೆಗೆ ಧಾರಣೆ ಏರಿದ ವರ್ಷ ಅವನ ಡಿಕ್ಕಿಯ ಸಬ್‌ವೂಫರ್ 10 ಇಂಚಿನಿಂದ 12ಕ್ಕೆ ಏರುತ್ತದೆ. ಧಾರಣೆ ಇಳಿದ ವರ್ಷ ಸಬ್‌ವೂಫರ್ ಇಳಿದ ಉದಾಹರಣೆ ಮಾತ್ರ ಇಲ್ಲ. ಇಷ್ಟು ನಿಷ್ಠೆಯ ಮನುಷ್ಯನ ಕಾರಿನಲ್ಲಿ ಹಾಡೊಂದು ನೆಟ್ಟಗೆ ಕೇಳುವುದಿಲ್ಲ ಎಂಬುದು ವಿಚಾರ ಮಾಡಬೇಕಾದ ಸಂಗತಿ. ಅವನು ದುಡ್ಡು ಸುರಿಯುವುದು ಕಣ್ಣಿಗೆ ಕಾಣುವ ಜಾಗಕ್ಕೆ, ಹಾಡು ಕೆಡುವುದು ಕಣ್ಣಿಗೆ ಕಾಣದ ಜಾಗದಲ್ಲಿ, ಅಂದರೆ ಬಾಗಿಲಿನೊಳಗೆ. ನನ್ನ ವಾದ ಇಷ್ಟೆ.

ಮೊದಲು ಸ್ಪೀಕರ್ ಕೂರಿಸಿದ ಜಾಗ ನೋಡೋಣ. ಮಾಣಿ ಯಕ್ಷಗಾನದ ಹುಚ್ಚ. 1990ರಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಪದ್ಯಗಳು ಹಳೆಯ ಕ್ಯಾಸೆಟ್ಟಿನಿಂದ ಇಳಿದು ಅವನ ಪೆನ್‌ಡ್ರೈವಿಗೆ ಬಂದಿವೆ. ಬಯಲಾಟದಲ್ಲಿ ಯಾರಾದರೂ ಹಿಮ್ಮೇಳವನ್ನು ಪ್ರೇಕ್ಷಕರ ಬೆನ್ನ ಹಿಂದೆ ಕೂರಿಸಿದರೆ ಮೊದಲು ಎದ್ದುನಿಂತು ಗಲಾಟೆ ಮಾಡುವವನು ಅವನೇ. ಆದರೆ ಸ್ವಂತ ಕಾರಿನಲ್ಲಿ ಮೊಟ್ಟೆಯಾಕಾರದ ಎರಡು ದೊಡ್ಡ ಸ್ಪೀಕರುಗಳನ್ನು ಹಿಂದಿನ ಗಾಜಿನ ಕೆಳಗೆ ಕೂರಿಸಿ, ಭಾಗವತರನ್ನು ಸ್ಟೆಪ್ನಿಯ ಪಕ್ಕದಿಂದ ಹಾಡಿಸುತ್ತಾನೆ. ಮುಂದಿನ ಬಾಗಿಲಲ್ಲಿ ಸ್ಪೀಕರ್ ಇದ್ದರೂ ಅದು ಇರುವುದು ಮೊಣಕಾಲಿನ ಕೆಳಗೆ. ತೆಳುವಾದ ಏರುದನಿಗಳು ನೇರ ದಾರಿಯಲ್ಲೇ ಚೆನ್ನಾಗಿ ಸಾಗುವಂಥವು, ಬಟ್ಟೆ ಅಡ್ಡ ಬಂದರೆ ಅಲ್ಲೇ ಇಂಗಿಹೋಗುತ್ತವೆ. ಹೀಗಾಗಿ ಚಂಡೆಯ ಉರುಳಿಕೆಯ ಪಾಲೆಲ್ಲ ಮಾಣಿಯ ಪಂಚೆಗೆ. ಇದಕ್ಕೆ ಮದ್ದು ಸಣ್ಣದು: ಮುಂದಿನ ಗಾಜಿನ ಅಕ್ಕಪಕ್ಕದ ಕಂಬಗಳಲ್ಲಿ, ಕಿವಿಯ ಮಟ್ಟಕ್ಕೆ ಏರುದನಿಯ ಒಂದೊಂದು ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್. ಚಾಲಕ ಬಲಗಡೆ ಕೂರುವುದರಿಂದ ಬಲ ಬಾಗಿಲಿನ ದನಿ ಅವನಿಗೆ ಮೊದಲು ಮುಟ್ಟುತ್ತದೆ. 34 ಸೆಂಟಿಮೀಟರ್ ದಾಟಲು ಶಬ್ದಕ್ಕೆ ಸುಮಾರು 1 ಮಿಲಿಸೆಕೆಂಡ್ ಬೇಕು. ಎರಡು ಬಾಗಿಲುಗಳ ದೂರದ ವ್ಯತ್ಯಾಸಕ್ಕೆ ತಕ್ಕಷ್ಟು ಹತ್ತಿರದ ಸ್ಪೀಕರನ್ನು ತಡವಾಗಿಸುವ ಸವಲತ್ತು ಈಗಿನ ಅನೇಕ ಪ್ಲೇಯರುಗಳಲ್ಲಿದೆ. ಇಷ್ಟಾದರೆ ಭಾಗವತರು ಡಿಕ್ಕಿ ಬಿಟ್ಟು ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂರುತ್ತಾರೆ. ಇನ್ನು ಸಬ್‌ವೂಫರಿನ ಸಾಮ್ರಾಜ್ಯ ಸಾಮಾನ್ಯವಾಗಿ 80 ಹರ್ಟ್ಸಿನ ಕೆಳಗೆ. ಭಾಗವತರ ಕಂಠವಾಗಲಿ ಚಂಡೆಯಾಗಲಿ ಅಷ್ಟು ಕೆಳಗಿಳಿಯುವುದಿಲ್ಲ. ರಾತ್ರಿಯಿಡೀ ಪದ್ಯ ನಡೆದರೂ ಆ 12 ಇಂಚಿನ ಯಜಮಾನನಿಗೆ ಹೆಚ್ಚಿನ ಕೆಲಸವಿಲ್ಲ.

ಇನ್ನು ಬಾಗಿಲು. ಹೊರಗೊಂದು ತೆಳು ತಗಡು, ಒಳಗೊಂದು ತೂತುಬಿದ್ದ ತಗಡು, ಮೇಲೊಂದು ಪ್ಲಾಸ್ಟಿಕ್ ಮುಚ್ಚಿಗೆ: ಕಂಪನಿಯ ಸ್ಟಿಕ್ಕರ್ ತೆಗೆದರೆ ಅದು ಖಾಲಿ ಎಣ್ಣೆ ಡಬ್ಬಿಯೇ. ಸ್ಪೀಕರಿನ ಕೋನು ಎದುರಿನ ಗಾಳಿಯನ್ನು ಒತ್ತಿದ ಕ್ಷಣವೇ ಬೆನ್ನಿನ ಗಾಳಿಯನ್ನು ಸಡಿಲಿಸುತ್ತದೆ. ಬೆನ್ನಿನ ಅಲೆ ಆ ತೂತುಗಳಿಂದ ನುಸುಳಿ ಬಂದು ಎದುರಿನ ಅಲೆಯನ್ನು ಕೂಡಿದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ, ದೊಡ್ಡ ಪೆಟ್ಟು ಬೀಳುವುದು ಬೇಸಿಗೆ. ಬಾಗಿಲು ನುಂಗಿದ್ದನ್ನು ಡಿಕ್ಕಿಯಲ್ಲಿ ಕೊಂಡು ತುಂಬಿಸುವುದೇ ಮಾಣಿಯ ಅರ್ಥಶಾಸ್ತ್ರ. ಸಾಲದ್ದಕ್ಕೆ ತಗಡೂ ತನ್ನದೊಂದು ರಾಗ ಸೇರಿಸುತ್ತದೆ. ಪರಿಹಾರ ಸರಳ: ಅಲ್ಯೂಮಿನಿಯಂ ಹಾಳೆ ಹೊದೆಸಿದ ಬ್ಯುಟೈಲ್ ರಬ್ಬರಿನ ಶೀಟನ್ನು ಹೊರತಗಡಿನ ಒಳಮೈಗೆ ರೋಲರಿನಿಂದ ಒತ್ತಿ ಅಂಟಿಸುವುದು. ಇಡೀ ತಗಡು ಮುಚ್ಚಬೇಕಿಲ್ಲ, ನಡುವಿನ ಕಾಲುಭಾಗ ಹಿಡಿದರೂ ಅದರ ಹಾಡು ಬಹುಪಾಲು ನಿಲ್ಲುತ್ತದೆ. ಒಳತಗಡಿನ ತೂತುಗಳನ್ನು ಮಾತ್ರ ಪೂರ್ತಿ ಮುಚ್ಚಬೇಕು. ಸ್ಪೀಕರಿನ ಕೆಳಗೊಂದು ಗಟ್ಟಿ ಬಳೆ ಬೇಕು. ಅದು ಎಂಡಿಎಫ್ ಹಲಗೆಯದಾದರೆ ಮಲೆನಾಡಿನ ಒಂದೇ ಮಳೆಗಾಲಕ್ಕೆ ಉಬ್ಬಿಹೋದೀತು. ಪ್ಲಾಸ್ಟಿಕ್ಕಿನದೋ ನೀರು ತಡೆಯುವ ಪ್ಲೈವುಡ್ಡಿನದೋ ಇದ್ದರೆ ಲೇಸು.

ಮಾಣಿಯ ಬಳಿ ಆಕ್ಷೇಪಣೆಗಳ ದಾಸ್ತಾನೇ ಇದೆ. ನಮ್ಮ ಹೊಂಡದ ರಸ್ತೆಯಲ್ಲಿ, ಈ ಮಳೆಯಲ್ಲಿ ಅಷ್ಟು ಸೂಕ್ಷ್ಮ ಯಾರಿಗೆ ಕೇಳುತ್ತದೆ ಮಾರಾಯಾ, ಸೌಂಡ್ ಏರಿಸಿದರೆ ಮುಗಿಯಿತಲ್ಲ ಎನ್ನುತ್ತಾನೆ. ಆದರೆ ಆಂಪ್ಲಿಫೈಯರಿನ ವ್ಯಾಟು ಇಮ್ಮಡಿಯಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟು ಬೇಕು. ಹೊರಗಿನ ಗದ್ದಲ ತಗ್ಗಿಸುವುದು ಅದಕ್ಕಿಂತ ಅಗ್ಗ. ಶೀಟಿನ ಭಾರಕ್ಕೆ ಮೈಲೇಜ್ ಹೋಗುತ್ತದೆ ಎಂಬುದು ಎರಡನೆಯ ತಕರಾರು. ಹಿಂದಿನ ಸೀಟಿನಲ್ಲಿ ಅಡಿಕೆ ಮೂಟೆ, ಡಿಕ್ಕಿಯಲ್ಲಿ ಸಬ್‌ವೂಫರಿನ ಪೆಟ್ಟಿಗೆ ಹೊತ್ತು ಪೇಟೆಗೆ ಹೋಗುವವನು ನಾಲ್ಕಾರು ಕಿಲೋ ರಬ್ಬರಿನ ಲೆಕ್ಕ ಹಿಡಿಯುವುದು ಚೋದ್ಯ. ಬೇಕಿದ್ದರೆ ಕಂಪನಿಯವರೇ ಹಾಕಿಕೊಡುತ್ತಿದ್ದರಲ್ಲ ಎಂಬುದು ಮೂರನೆಯದು. ಅಗ್ಗದ ಕಾರುಗಳ ಒಳತಗಡಿಗೆ ಕಂಪನಿ ಹೊದೆಸುವ ಪ್ಲಾಸ್ಟಿಕ್ ಹಾಳೆ ಇರುವುದು ನೀರು ತಡೆಯುವುದಕ್ಕೆ. ನಾವಡರ ಬಗ್ಗೆ ಕಾರ್ಖಾನೆಗೆ ವಿಶೇಷ ಕಾಳಜಿಯೇನೂ ಇಲ್ಲ. ಕೊನೆಯದು ಅವನ ಬ್ರಹ್ಮಾಸ್ತ್ರ: ಹಾಡು ನನಗೊಬ್ಬನಿಗಲ್ಲ, ಊರಿಗೆಲ್ಲ ಕೇಳಲಿ. ಉದಾರ ಬುದ್ಧಿಯೇ ಸರಿ, ಆದರೆ ತಗಡು ಮತ್ತು ಗಾಜನ್ನು ಸುಲಭವಾಗಿ ದಾಟುವುದು ಕೆಳದನಿ ಮಾತ್ರ. ಊರಿಗೆ ಸಿಗುವುದು ಧಡ್ ಧಡ್, ಒಳಗಿರುವ ಮಾಣಿಗೆ ಸಿಗುವುದು ತಗಡಿನ ಗಡಗಡ. ಪದ್ಯ ಮಾತ್ರ ಯಾರ ಪಾಲಿಗೂ ಇಲ್ಲ.

ಇಷ್ಟು ಹೇಳಿದರೂ ಅವನು ಒಪ್ಪದಿರುವುದಕ್ಕೆ ಕಾರಣ ಶಬ್ದಶಾಸ್ತ್ರದಲ್ಲಿಲ್ಲ. ಸಬ್‌ವೂಫರಿಗೆ ನೀಲಿ ದೀಪವಿದೆ, ಡಿಕ್ಕಿ ತೆರೆದು ಭಾವನಿಗೆ ತೋರಿಸಬಹುದು. ಬಾಗಿಲೊಳಗಿನ ರಬ್ಬರನ್ನು ಯಾರಿಗೆ ತೋರಿಸುವುದು? ಹಾಗೂ ಹೀಗೂ ಮನಸ್ಸು ಮಾಡಿದನೆಂದರೆ ಅದರದು ಬೇರೆಯೇ ಅಪಾಯ: ಮತಾಂತರಗೊಂಡವನ ಆವೇಶದಲ್ಲಿ ಕಂಡ ತೂತನ್ನೆಲ್ಲ ಮುಚ್ಚುತ್ತಾನೆ, ಬಾಗಿಲಿನ ತಳದಲ್ಲಿರುವ ನೀರು ಹೋಗುವ ಕಿಂಡಿಗಳನ್ನೂ ಸೇರಿಸಿ. ಗಾಜಿನ ಮೇಲೆ ಬಿದ್ದ ಮಳೆ ಬಾಗಿಲೊಳಗೆ ಇಳಿದು ಹೊರಹೋಗುವುದು ಅವುಗಳಿಂದಲೇ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಆಗುಂಬೆಯ ತಾಲ್ಲೂಕಿನಲ್ಲಿ, ಅದಕ್ಕೆ ಪೈಪೋಟಿ ಕೊಡುವ ಹುಲಿಕಲ್ಲಿನ ನೆರೆಯಲ್ಲಿ ಅವನ್ನು ಮುಚ್ಚಿದರೆ ಬಾಗಿಲೇ ಕೆರೆಯಾಗಿ, ಆಮೇಲೆ ತುಕ್ಕಾಗುತ್ತದೆ. ಅದೊಂದನ್ನು ಬಿಟ್ಟು ಉಳಿದದ್ದನ್ನು ಸರಿಯಾಗಿ ಮಾಡಿಸಿದರೆ ಸಿಗುವ ದೊಡ್ಡ ಲಾಭ ಹಾಡಿನದಲ್ಲ. ಝಣ್ ಎನ್ನುತ್ತಿದ್ದ ಬಾಗಿಲು ದುಬಾರಿ ಕಾರಿನಂತೆ ದಪ್ ಎಂದು ಮುಚ್ಚಿಕೊಳ್ಳುತ್ತದೆ. ಊರಿಗೆ ಕೇಳಿಸಬಹುದಾದ ಶಬ್ದವೊಂದು ಕಡೆಗೂ ಅವನ ಕೈಗೆ ಸಿಕ್ಕಿತು. ಅಂದಿನಿಂದ ಮಾಣಿ ಪದ್ಯ ಹಾಕುವುದನ್ನೇ ಮರೆತು, ಬಂದವರಿಗೆಲ್ಲ "ಒಂದ್ಸಲ ಬಾಗ್ಲು ಹಾಕಿ ನೋಡು" ಎನ್ನತೊಡಗುತ್ತಾನೆ.