ಯಾರಿಗೂ ಹೇಳ್ಬೇಡಿ ಮಾವ

ಶ್ರವಣಬೆಳಗೊಳದಲ್ಲಿ ಕಾರು ನಿಂತರೆ ಇಳಿದವರ ಕಣ್ಣು ವಿಂಧ್ಯಗಿರಿಯ ಮೇಲಿರುತ್ತದೆ, ಮಾವನ ಕಣ್ಣು ಅವರ ಹೊಟ್ಟೆಯ ಮೇಲಿರುತ್ತದೆ. ಕಲ್ಯಾಣಿ ಪಕ್ಕದ ನೆರಳಲ್ಲಿ ಕೂತೇ ಕೇಳುತ್ತಾರೆ: “ಬೆಂಗಳೂರಿಂದ್ಲಾ? ತಿಂಡಿ ಎಲ್ಲಾಯ್ತು?” ಹಿರೀಸಾವೆ ದಾಟಿ ಹೈವೇಲಿ ಆಯ್ತು ಅಂದರೆ ಸಾಕು, ಸಾವಿನ ಮನೆಗೆ ಹೋದವರ ಮುಖ ಮಾಡಿ, “ಆಗಿದ್ದು ಆಗ್ಹೋಯ್ತು ಬಿಡಿ. ಮಧ್ಯಾಹ್ನದ್ದನ್ನಾದ್ರೂ ಸರಿಮಾಡ್ಕೊಳಿ” ಎಂದು ಹತ್ತಿರಕ್ಕೆ ಸರಿಯುತ್ತಾರೆ. ಆಮೇಲೆ ದನಿ ತಗ್ಗುತ್ತದೆ. ಎಡಕ್ಕೆ ತಿರುಗಿ, ಹಿಟ್ಟಿನ ಗಿರಣಿ ದಾಟಿ, ನೀಲಿ ಬಾಗಿಲು, ಹೊರಗೆ ಒಂದು ಬೆಂಚು. “ಯಾರಿಗೂ ಹೇಳ್ಬೇಡಿ.”

ಆಧಾರ್ ಕಾರ್ಡಿನಲ್ಲಿ ಅವರಿಗೆ ಬೇರೆ ಹೆಸರಿದೆ, ಊರಿಗೆ ಅವರು ‘ಯಾರಿಗೂ ಹೇಳ್ಬೇಡಿ ಮಾವ’. ಇಂಥವರು ಹಾಸನ, ಹೊಳೆನರಸೀಪುರ, ಅರಕಲಗೂಡು, ಎಲ್ಲ ಊರಲ್ಲೂ ಒಬ್ಬೊಬ್ಬರು ಇದ್ದೇ ಇರುತ್ತಾರೆ. ಒಬ್ಬರು ಶಿಫಾರಸು ಮಾಡಿದ ಮೆಸ್ಸನ್ನು ಇನ್ನೊಬ್ಬರು ಒಪ್ಪುವುದಿಲ್ಲ ಎಂಬುದೊಂದೇ ಇವರೊಳಗಿನ ಒಗ್ಗಟ್ಟು.

ನೌಕರಿಯಲ್ಲಿದ್ದಾಗ ಮಾವನದು ಕರೆಂಟಿನ ಮೀಟರು ಓದುವ ಕೆಲಸ. ಮೀಟರು ಇರುವುದು ಜಗಲಿಯಲ್ಲಿ. ಒಗ್ಗರಣೆಯ ವಾಸನೆ ಬರುವುದೂ ಜಗಲಿಗೇ. ಯಾರ ಮನೆಯಲ್ಲಿ ಎಷ್ಟು ಯೂನಿಟ್ ಸುಟ್ಟಿದೆ ಎಂಬುದು ಪುಸ್ತಕಕ್ಕೆ ಹೋಯಿತು, ಯಾರ ಮನೆಯಲ್ಲಿ ಹುಳಿಪುಡಿ ಚೆನ್ನಾಗಿ ಹುರಿದಿದ್ದಾರೆ ಎಂಬುದು ತಲೆಯಲ್ಲಿ ಉಳಿಯಿತು. ವರ್ಗಾವಣೆಯಾದ ಊರುಗಳನ್ನು ಅವರು ಇಸವಿಯ ಮೇಲೆ ನೆನಪಿಟ್ಟುಕೊಂಡಿಲ್ಲ. ಹೊಳೆನರಸೀಪುರ ಅಂದರೆ ಜನಕ್ಕೆ ಹೇಮಾವತಿ, ಇವರಿಗೆ ಹುರುಳಿಕಾಳಿನ ಬಸ್ಸಾರು. ಅರಕಲಗೂಡು ಅಂದರೆ ಕಾವಲಿಯಿಂದ ನೇರ ತಟ್ಟೆಗೆ ಬೀಳುವ ಅಕ್ಕಿರೊಟ್ಟಿ, ಜೊತೆಗೆ ಹುಚ್ಚೆಳ್ಳು ಚಟ್ನಿ. ತೆಂಗಿನ ಸೀಮೆ ಚನ್ನರಾಯಪಟ್ಟಣ ಅಂದರೆ ಒತ್ತುಶಾವಿಗೆ, ಕಾಯಿಹಾಲು. ರಾಮನಾಥಪುರಕ್ಕೆ ಹೋದವರು ಕಾವೇರಿಯ ದೇವರ ಮೀನಿಗೆ ಪುರಿ ಹಾಕಿ ಕೈಮುಗಿಯುತ್ತಾರೆ. ಮಾವ ಪುರಿಗೆ ಖಾರ, ಈರುಳ್ಳಿ ಹಚ್ಚಿ ತಾವೇ ತಿಂದು ದಡದಿಂದ ಕೈಮುಗಿದು ಬರುತ್ತಾರೆ.

ಒಳ್ಳೆಯ ಹೋಟ್ಲನ್ನು ಗುರುತಿಸಲು ಅವರಿಗೆ ಒಳಗೆ ಹೋಗಬೇಕೆಂದೇನಿಲ್ಲ. ‘ಮನೆ ಊಟ’ ಎಂದು ಬೋರ್ಡು ಹಾಕಿದ ಕಡೆ ಕಾಲಿಡಬಾರದು. “ಯಾರ ಮನೆಗ್ರೀ ಬೋರ್ಡಿದೆ?” ಏನೇನಿದೆ ಅಂತ ಕೇಳಿದರೆ ಒಂದೇ ಉಸಿರಿಗೆ ಇಪ್ಪತ್ತು ಹೆಸರು ಹೇಳುವ ಕಡೆ ಕೂರಬಾರದು. ಒಳಗಿಂದ “ಮಾಡಿರೋದಿದೆ, ಕೂತ್ಕೊಳಿ” ಎಂಬ ಉತ್ತರ ಬಂದರೆ ಅದು ಜಾಗ. ಎರಡು ಗಂಟೆಗೆ ಹೋದರೆ “ಮುಗೀತು” ಅನ್ನಬೇಕು. ಮೂರು ಗಂಟೆಗೂ ಸಾರು ಇದ್ದರೆ ಅದು ನಿನ್ನೆಯದೋ ನಾಳೆಯದೋ ಎಂಬ ಅನುಮಾನ ಅವರಿಗೆ. ಅವರು ಮೆಚ್ಚಿದ ಒಂದು ಮೆಸ್ಸು ಸಂತೆಯ ದಿನ ಇಲ್ಲ, ಹಬ್ಬದ ದಿನ ಇಲ್ಲ, ಅಮಾವಾಸ್ಯೆಗೆ ಇಲ್ಲ, ನಡೆಸುವ ಅಕ್ಕನ ತವರಲ್ಲಿ ನಾಮಕರಣವಾದರೂ ಇಲ್ಲ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಹಾಸನಾಂಬೆಯ ಹಾಗೆ ಅದರ ಬಾಗಿಲು ತೆರೆದದ್ದೇ ಒಂದು ದರ್ಶನ.

ಬೆಟ್ಟ ಹತ್ತಿ ಇಳಿದವರ ಮಾತನ್ನು ಮಾವ ಸಾಕ್ಷಿಯಾಗಿ ಒಪ್ಪುವುದಿಲ್ಲ. ಬರಿಗಾಲಲ್ಲಿ, ಕಾದ ಬಂಡೆಯ ಮೇಲೆ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿದವರಿಗೆ ಬಸ್‌ಸ್ಟ್ಯಾಂಡಿನ ಬೋಂಡವೂ ಅಮೃತವೇ. “ಹೊಟ್ಟೆ ತುಂಬಿದವ ಇನ್ನೊಂದು ಹಿಡಿ ಹಾಕಿಸ್ಕೊಂಡ್ರೆ ಅದು ಅಡಿಗೆ.” ಈ ಪರೀಕ್ಷೆಗಾಗಿ ಅವರು ಮನೆಯಲ್ಲಿ ಊಟ ಮುಗಿಸಿಯೇ ಮೆಸ್ಸಿಗೆ ಹೊರಡುವುದುಂಟು.

ಊರಿನ ಜೈನ ಅಡಿಗೆಯ ಮೇಲೆ ಅವರಿಗೆ ಅಪಾರ ಗೌರವ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮಣ್ಣಿನೊಳಗೆ ಬೆಳೆಯುವ ಗೆಡ್ಡೆ ಯಾವುದೂ ಇಲ್ಲ. ಹಾಸನದ ಸೀಮೆಯೆಲ್ಲ ಆಲೂಗಡ್ಡೆ ಬೆಳೆದು ಲಾರಿ ತುಂಬಿಸಿದರೂ ಇಲ್ಲಿಯ ಪಲ್ಯ ಬಾಳೆಕಾಯಿಯದು. ಮಾವನ ಸಿದ್ಧಾಂತ ಸರಳ: ಬೆಳ್ಳುಳ್ಳಿ ಬಿದ್ದರೆ ಅಡ್ಡಕಸುಬಿಯ ಸಾರೂ ಘಮ್ಮೆನ್ನುತ್ತದೆ, ಇಂಗು, ಮೆಣಸು, ಜೀರಿಗೆ, ಕಾಯಿತುರಿಯಲ್ಲೇ ಸಾರನ್ನು ಎಬ್ಬಿಸಬೇಕಾದರೆ ಕೈ ಬೇಕು. ಸೂರ್ಯ ಮುಳುಗುವ ಮೊದಲೇ ಉಣ್ಣುವ ಪದ್ಧತಿಯನ್ನೂ ಹೊಗಳುತ್ತಾರೆ. ಹಾಗೆ ಒಮ್ಮೆ ಉಂಡು, ರಾತ್ರಿ ಎಂಟೂವರೆಗೆ ತಮ್ಮ ಪದ್ಧತಿಯ ಪ್ರಕಾರ ಇನ್ನೊಮ್ಮೆ ಉಣ್ಣುತ್ತಾರೆ.

ದೊಡ್ಡ ಹೋಟ್ಲಿನ ಪರ ಯಾರಾದರೂ ವಾದಿಸಿದರೆ ಮಾವ ಗುಳ್ಳಕಾಯಜ್ಜಿಯನ್ನು ಕರೆತರುತ್ತಾರೆ. ಚಾವುಂಡರಾಯ 981ರ ಸುಮಾರಿಗೆ 58 ಅಡಿಯ ಗೊಮ್ಮಟನನ್ನು ನಿಲ್ಲಿಸಿ ಕೊಡಕೊಡ ಹಾಲು ಸುರಿಸಿದರೂ ಅದು ಸೊಂಟದಿಂದ ಕೆಳಗಿಳಿಯಲಿಲ್ಲವಂತೆ. ಅಜ್ಜಿಯೊಬ್ಬಳು ಗುಳ್ಳದ ಚಿಪ್ಪಿನಲ್ಲಿ ತಂದ ಹಾಲು ಪಾದ ಮುಟ್ಟಿತಂತೆ. ಊರಿಗೆಲ್ಲ ಅದು ಅಹಂಕಾರ ಮುರಿದ ಕಥೆ. ಮಾವನಿಗೆ ಅದು ಕೇಟರಿಂಗಿನವರ ಮೇಲೆ ಮೆಸ್ಸಿನ ಅಜ್ಜಿ ಗೆದ್ದ ಕಥೆ.

ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ಬಂದಾಗ ಅವರ ಸಿದ್ಧಾಂತಕ್ಕೆ ಕಷ್ಟಕಾಲ. 2018ರ ಫೆಬ್ರವರಿಯಲ್ಲಿ ಊರು ತುಂಬ ಜನ, ಸಾಲುಸಾಲು ಭೋಜನಶಾಲೆ. “ಇಷ್ಟು ಜನಕ್ಕೆ ಬೇಯಿಸಿದ್ದು ಊಟ ಅಲ್ಲ, ವ್ಯವಸ್ಥೆ” ಎಂದು ತೀರ್ಪು ಕೊಟ್ಟರು. ಅದೇ ವ್ಯವಸ್ಥೆಯ ಪಾಯಸಕ್ಕೆ, ಒಮ್ಮೆ ಟೋಪಿ ಹಾಕಿಕೊಂಡು ಒಮ್ಮೆ ತೆಗೆದು, ಎರಡು ಸಲ ಸಾಲಿನಲ್ಲಿ ನಿಂತದ್ದನ್ನು ಊರು ನೋಡಿದೆ.

ಇಷ್ಟೆಲ್ಲ ಬಲ್ಲ ಮಾವನಿಗೆ ಒಂದೇ ದುಃಖ: ಅವರು ಮೆಚ್ಚಿದ ಹೋಟ್ಲು ಮೂರು ವರ್ಷ ಬಾಳುವುದಿಲ್ಲ. ಕಾರಣ ಅವರೇ. ನೀಲಿ ಬಾಗಿಲ ಮೆಸ್ಸಿನೊಳಗೆ ಮೊದಲು ಇದ್ದದ್ದು ಎರಡು ಬೆಂಚು. ಮೆಸ್ಸು ನಡೆಸುವ ಅಕ್ಕ ಸಾರು ಬಡಿಸಿದರೆ ಅವರ ಅತ್ತೆ ಒಳಗೆ ಮುದ್ದೆ ಕಟ್ಟುತ್ತಿದ್ದರು. ಮಾವ ಗುಟ್ಟಾಗಿ ಹತ್ತು ಜನಕ್ಕೆ ಹೇಳಿದರು, ಆ ಹತ್ತು ಜನ ಅಷ್ಟೇ ಗುಟ್ಟಾಗಿ ನೂರು ಜನಕ್ಕೆ ಹೇಳಿದರು. 2017ರಲ್ಲಿ ಬೆಂಗಳೂರು–ಹಾಸನ ರೈಲು ಬೆಳಗೊಳದ ಮೇಲೆ ಓಡಲು ಶುರುವಾದ ಮೇಲೆ ಗುಟ್ಟು ಟಿಕೆಟ್ ತೆಗೆದುಕೊಂಡೇ ಬರತೊಡಗಿತು. ಬೆಂಚು ಹೋಗಿ ಗ್ರಾನೈಟ್ ಟೇಬಲ್ ಬಂತು, ಗೋಡೆಗೆ ಫೋನಿನಲ್ಲಿ ದುಡ್ಡು ಹಾಕುವ ಚೀಟಿ ಬಂತು, ಕೊನೆಗೆ ಗೋಬಿ ಮಂಚೂರಿಯೂ ಬಂತು. ಅವತ್ತು ಮಾವ ಕಲ್ಯಾಣಿ ಪಕ್ಕ ಕೂತು ಘೋಷಿಸಿದರು: “ಕೈ ಬದಲಾಯ್ತು.”

ಕೈ ಬದಲಾಗಿರಲಿಲ್ಲ. ಅದೇ ಅಕ್ಕ, ಅದೇ ಮಸ್ಸೊಪ್ಪು, ಮಾಗಿಯಲ್ಲಿ ಅದೇ ಹಿತಕಿದ ಬೇಳೆ ಸಾರು. ಬದಲಾದದ್ದು ಒಂದೇ. ಮೊದಲು ಅಕ್ಕ ಸೌಟು ಹಿಡಿದು ನಿಂತು, “ಯಾಕ್ ಮಾವ, ಇಷ್ಟೇ ತಿಂದ್ರಿ? ಮೈ ಹುಷಾರಿಲ್ವಾ?” ಅನ್ನುತ್ತಿದ್ದರು, ಈಗ ಹುಡುಗನೊಬ್ಬ ಬಂದು, “ಎಕ್ಸ್‌ಟ್ರಾ ಮುದ್ದೆ ಬೇಕಾ ಸಾರ್, ಹದಿನೈದು ರೂಪಾಯಿ” ಅನ್ನುತ್ತಾನೆ. ಮಾವ ಇಷ್ಟು ವರ್ಷ ರುಚಿ ಎಂದುಕೊಂಡು ಉಂಡದ್ದರಲ್ಲಿ ಅರ್ಧ ಈ ಬಲವಂತವೇ. ಅಕ್ಕನಿಗೆ ಇದರ ಬಗ್ಗೆ ಬೇಸರವಿಲ್ಲ. “ಮಾವ ಯಾರಿಗೂ ಹೇಳ್ಬೇಡಿ ಅಂತ ಹೇಳೀ ಹೇಳೀ ನನ್ನ ಮಗನ ಕಾಲೇಜ್ ಫೀಜು ಕಟ್ಟಾಯ್ತು. ಕೈ ಬದಲಾಯ್ತು ಅಂದ್ರೆ ಅಂದ್ಕೊಳ್ಲಿ ಬಿಡಿ, ಹಿರಿಯರು.”

ಮನೆಯಲ್ಲಿ ಮಾವನ ಮಾತು ತಿರುವುಮುರುವು. ಹೊರಗೆ ಸಾರು ಚೆನ್ನಾಗಿದ್ದರೆ “ಮನೆ ಸಾರಿನ ಥರ ಇದೆ” ಎಂದು ಹೊಗಳುವವರು, ಮನೆಯ ಸಾರು ಚೆನ್ನಾಗಿದ್ದ ದಿನ “ಪರವಾಗಿಲ್ವೇ, ಆ ಮೆಸ್ಸಿಂದು ಇದ್ದಂಗೇ ಬಂದಿದೆ” ಅನ್ನುತ್ತಾರೆ. ಮಾವನ ಹೆಂಡತಿ, ಅಂದರೆ ಅತ್ತೆ, ಇದನ್ನು ಮೂವತ್ತು ವರ್ಷ ಕೇಳಿದರು. ಒಂದು ಅಮಾವಾಸ್ಯೆ, ಮೆಸ್ಸುಗಳಿಗೆಲ್ಲ ಬೀಗ. ಮಾತು ಕೊಟ್ಟ ತಪ್ಪಿಗೆ ಮಾವ ಬೆಂಗಳೂರಿನ ನಾಲ್ವರನ್ನು ಮನೆಗೇ ಕರೆತಂದರು. ಅವರು ಮುದ್ದೆ, ಉಪ್ಸಾರು ಉಂಡು ಕೈತೊಳೆದು, ಸಂಕೋಚದಿಂದ “ಎಷ್ಟಾಯ್ತು?” ಅಂದರು. ಮಾವ “ಛೆ ಛೆ” ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯಿಂದ ದನಿ ಬಂತು: “ತಲೆಗೆ ಎಂಬತ್ತು. ನಮ್ಮನೆಯವರದ್ದೂ ಸೇರಿಸಿ ಐದು ಊಟ.”

ಅಲ್ಲಿಂದೀಚೆಗೆ ಪ್ರತಿ ಭಾನುವಾರ ಜಗಲಿಯಲ್ಲಿ ಎಲೆ ಹಾಕುತ್ತಾರೆ. ಬಡಿಸುವುದು, ಎಲೆ ಎತ್ತುವುದು ಮಾವನ ಪಾಲು. ಒಮ್ಮೆ “ಉಪ್ಪು ಒಂಚೂರು...” ಅಂದದ್ದಕ್ಕೆ ಅತ್ತೆ, “ಹೊರಗೆ ಒಳ್ಳೊಳ್ಳೇ ಹೋಟ್ಲು ಗೊತ್ತಲ್ಲ ನಿಮಗೆ, ಅಲ್ಲೇ ಉಂಡ್ಬನ್ನಿ” ಅಂದರಂತೆ. ಅಂದಿನಿಂದ ಉಪ್ಪು ಸರಿಯಾಗಿದೆ.

ಹೋದ ವಾರ ಅತ್ತೆ ಚನ್ನರಾಯಪಟ್ಟಣದಲ್ಲಿ ಒಂದು ಬೋರ್ಡು ಬರೆಸಿದರು. ತರಲು ಹೋದವರು ಮಾವನೇ. ಬಸ್ಸಿನಲ್ಲಿ ಅಕ್ಷರ ಒಳಮುಖ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. “ಏನ್ ಮಾವ ಬೋರ್ಡು?” ಎಂದು ಪಕ್ಕದವರು ಕೇಳಿದ್ದಕ್ಕೆ, ‘ಮನೆ ಊಟ’ ಅನ್ನಲು ನಾಲಿಗೆ ಏಳದೆ, “ಯಾರೋ ಡಾಕ್ಟ್ರುದು” ಅಂದುಬಿಟ್ಟರು. ಪಕ್ಕದವರು ಬೆಳಗೊಳ ಬರುವವರೆಗೂ ತಮ್ಮ ಮಂಡಿನೋವಿನ ಕಥೆ ಹೇಳಿ, ಇಳಿಯುವಾಗ ಆ ಡಾಕ್ಟ್ರ ಮನೆಯ ದಾರಿ ಕೇಳಿಕೊಂಡು ಹೋದರು. ಭಾನುವಾರ ಬರುತ್ತಾರಂತೆ, ಖಾಲಿ ಹೊಟ್ಟೆಯಲ್ಲಿ.